ಬೆದೆಗೆ ಬಾರದ ಗಿಲ್ಟ್: ತೊಂದರೆ ಈಗಿನದೋ, ತಾಯಿಯ ಹೊಟ್ಟೆಯದೋ?

ಎಂಟು ತಿಂಗಳಾದರೂ ಬೆದೆಗೆ ಬಂದಿಲ್ಲ. ಬಂದರೂ ಗಬ್ಬ ನಿಲ್ಲುತ್ತಿಲ್ಲ. ನಿಂತರೂ ಐದೋ ಆರೋ ಮರಿ. ಗಿಲ್ಟ್‌ಗಳ ಬಗ್ಗೆ, ಅಂದರೆ ಇನ್ನೂ ಒಂದು ಸೂಲೂ ಆಗದ ಎಳೆ ಹೆಣ್ಣು ಹಂದಿಗಳ ಬಗ್ಗೆ, ಸಾಕಣೆದಾರರು ಹೇಳುವ ದೂರು ಹೆಚ್ಚುಕಮ್ಮಿ ಈ ಮೂರೇ. ಆಗ ನಮ್ಮ ಕೈ ಮೊದಲು ಹೋಗುವುದು ಫೀಡ್ ಚೀಲಕ್ಕೆ, ಇಲ್ಲಾಂದ್ರೆ ಇಂಜೆಕ್ಷನ್‌ಗೆ. ಕೆಲವು ಸಲ ಅದು ಸರಿಯೇ. ಆದರೆ ಎಷ್ಟೋ ಸಲ ತೊಂದರೆ ಶುರುವಾಗಿರುವುದು ಈ ಗಿಲ್ಟ್ ಹುಟ್ಟುವ ಮೊದಲು, ಅದರ ತಾಯಿ ಗಬ್ಬವಿದ್ದ ಆ 114 ದಿನಗಳಲ್ಲಿ. ಹೊಟ್ಟೆಯೊಳಗೇ ಆದ ದೋಷಕ್ಕೆ ಔಷಧಿ ಇಲ್ಲ. ಬೇಗ ಗುರುತಿಸಿದರೆ ತಿಂಗಳುಗಟ್ಟಲೆ ಮೇವಿನ ಖರ್ಚು ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ, ಈಗ ಗಬ್ಬವಿರುವ ಹಂದಿಗಳ ಮರಿಗಳಾದರೂ ಸರಿಯಾಗಿ ಹುಟ್ಟುತ್ತವೆ.

ಮೊದಲು ಈಗಿನ ಕಾರಣಗಳನ್ನು ನೋಡಿ

ತಾಯಿಯ ಹೊಟ್ಟೆಯನ್ನು ದೂರುವ ಮೊದಲು ಇಂದಿನ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಬೇಕು. ಗಿಲ್ಟ್ ಸಾಮಾನ್ಯವಾಗಿ ಆರರಿಂದ ಏಳು ತಿಂಗಳಿಗೆ ಮೊದಲ ಬೆದೆ ತೋರಿಸುತ್ತದೆ. ಆಮೇಲೆ ಸುಮಾರು 21 ದಿನಕ್ಕೊಮ್ಮೆ. ಗಿಲ್ಟ್‌ನ ಬೆದೆ ಒಂದೆರಡು ದಿನದಲ್ಲಿ ಮುಗಿದೂ ಹೋಗುತ್ತದೆ, ಆದ್ದರಿಂದ ಬೆಳಿಗ್ಗೆ ಒಮ್ಮೆ ಕಣ್ಣಾಡಿಸಿದರೆ ಸಾಲದು, ಸಂಜೆಯೂ ನೋಡಬೇಕು.

ಅತಿ ಸಾಮಾನ್ಯ ಕಾರಣ ಗಂಡು ಹಂದಿಯ ಸಂಪರ್ಕ ಸಾಲದಿರುವುದು. ಪಕ್ಕದ ಕೋಣೆಯಲ್ಲಿ ಗಂಡು ಇದೆಯಲ್ಲ ಎಂದು ಸುಮ್ನೆ ಇರಬೇಡಿ. ಸದಾ ಪಕ್ಕದಲ್ಲೇ ಇದ್ದರೆ ಹೆಣ್ಣಿಗೆ ಅದು ರೂಢಿಯಾಗಿಬಿಡುತ್ತದೆ. ಸುಮಾರು 160 ದಿನದ ವಯಸ್ಸಿನಿಂದ ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಗಂಡನ್ನು ನೇರವಾಗಿ ಗಿಲ್ಟ್‌ಗಳ ಹತ್ತಿರ ಬಿಡಬೇಕು, ಮೂತಿಗೆ ಮೂತಿ ತಾಗುವ ಹಾಗೆ, ಜೊತೆಗೆ ಒಬ್ಬರು ನಿಂತು ನೋಡುತ್ತಿರಬೇಕು. ಆ ಗಂಡಿಗೆ ಹತ್ತು ತಿಂಗಳಾದರೂ ಆಗಿರಲಿ. ಬಾಯಿಯ ನೊರೆಯಲ್ಲಿ ಬರುವ ವಾಸನೆಯೇ ಹೆಣ್ಣನ್ನು ಎಚ್ಚರಿಸುವುದು, ಎಳೆ ಗಂಡಿನಲ್ಲಿ ಅದು ಸಾಕಷ್ಟು ಇರುವುದಿಲ್ಲ. ಹೀಗೆ ಮಾಡಿದರೆ ಮೂರು ನಾಲ್ಕು ವಾರದೊಳಗೆ ಹೆಚ್ಚಿನವು ಬೆದೆಗೆ ಬರುತ್ತವೆ. ಇದನ್ನು ಮಾಡದೆ ಬೇರೆ ಯಾವ ಪರೀಕ್ಷೆಗೂ ದುಡ್ಡು ಹಾಕಬೇಡಿ.

ಇಷ್ಟಾದರೂ ಬೆದೆ ಕಾಣದಿದ್ದರೆ, ಬೆದೆ ಬಂದು ನಿಮ್ಮ ಕಣ್ಣು ತಪ್ಪಿಸಿತೋ ಅಥವಾ ಬಂದೇ ಇಲ್ಲವೋ ಎಂಬುದು ತಿಳಿಯಬೇಕು. ಇದಕ್ಕೆ ರಕ್ತದಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ ಪರೀಕ್ಷೆ ಇದೆ, ಅಂಡಾಣು ಬಿಟ್ಟ ಮೇಲೆ ಏರುವ ಹಾರ್ಮೋನ್ ಅದು. ಹತ್ತು ದಿನ ಅಂತರದಲ್ಲಿ ಎರಡು ಸಲ ರಕ್ತ ತೆಗೆಯಿರಿ. ಯಾವುದಾದರೂ ಒಂದರಲ್ಲಿ ಪ್ರಮಾಣ ಹೆಚ್ಚಿದ್ದರೆ ಗಿಲ್ಟ್ ಆಗಲೇ ಬೆದೆಯ ಚಕ್ರದಲ್ಲಿದೆ, ನೋಡುವ ಕೆಲಸದಲ್ಲಿ ಲೋಪ ಆಗಿದೆ. ಎರಡೂ ಕಡಿಮೆ ಇದ್ದರೆ ಅಂಡಾಶಯ ಇನ್ನೂ ಎದ್ದಿಲ್ಲ. ಇದನ್ನು ತಿಳಿಯದೆ ಬೆದೆ ಬರಿಸುವ ಹಾರ್ಮೋನ್ ಚುಚ್ಚುಮದ್ದು ಕೊಡಿಸಬೇಡಿ. ಚಕ್ರದಲ್ಲಿರುವ ಹಂದಿಗೆ ಕೊಟ್ಟರೆ ಚಕ್ರವೇ ಏರುಪೇರಾಗುತ್ತದೆ. ಚಕ್ರವಿಲ್ಲದ್ದಕ್ಕೆ ಕೊಟ್ಟಾಗ ಕೆಲವು ಒಂದು ಬೆದೆ ತೋರಿಸಿ ಮತ್ತೆ ಮಲಗಿಬಿಡುತ್ತವೆ.

ಇದಕ್ಕಿಂತ ಅಗ್ಗದ, ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿದೆ. ಬೆದೆಗೆ ಬಾರದೆ ಮಾಂಸಕ್ಕೆ ಹೋಗುವ ಗಿಲ್ಟ್‌ನ ಗರ್ಭಕೋಶ ಮತ್ತು ಅಂಡಾಶಯವನ್ನು ಕಡಿಯುವ ಜಾಗದಿಂದ ಕೇಳಿ ತರಿಸಿ, ಪಶುವೈದ್ಯರ ಜೊತೆ ಕೂತು ನೋಡಿ. ಅಂಡಾಶಯದ ಮೇಲೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಗಾತ್ರದ ಗಟ್ಟಿ ಗಂಟುಗಳು ಗೊಂಚಲಾಗಿದ್ದರೆ ಅದು ಅಂಡಾಣು ಬಿಟ್ಟಿತ್ತು, ನಿಮಗೆ ಬೆದೆ ಗೊತ್ತಾಗಲಿಲ್ಲ. ಬರೀ ಸಣ್ಣ ಸಣ್ಣ ನೀರುಗುಳ್ಳೆ, ಗರ್ಭಕೋಶ ತೆಳ್ಳಗೆ ಬಿಳಿಚಿಕೊಂಡಿದ್ದರೆ ಅದು ಇನ್ನೂ ಪ್ರಾಯಕ್ಕೇ ಬಂದಿರಲಿಲ್ಲ. ಗರ್ಭಕೋಶದ ಎರಡು ಕೊಂಬುಗಳಲ್ಲಿ ಒಂದು ಇಲ್ಲ, ಅಥವಾ ನಡುವೆ ಮುಚ್ಚಿಹೋಗಿದೆ ಅಂದರೆ ಅಲ್ಲಿಗೆ ಹುಡುಕಾಟ ಮುಗಿಯಿತು. ಅದು ಭ್ರೂಣದ ಹಂತದಲ್ಲೇ ಆದ ದೋಷ, ಯಾವ ಆರೈಕೆಯೂ ಸರಿಮಾಡುತ್ತಿರಲಿಲ್ಲ.

ದಾಖಲೆ ಪುಸ್ತಕವನ್ನು ಮೂರು ಥರ ಓದಿ

ಒಂದು ಗಿಲ್ಟ್ ನೋಡಿ ಕಾರಣ ಹೇಳುವುದು ಕಷ್ಟ. ಬೆದೆಗೆ ಬಾರದ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗುಟ್ಟು ಬಿಡುತ್ತದೆ. ಮೊದಲು, ಈಗ ಇರುವ ಕೋಣೆಯ ಪ್ರಕಾರ ವಿಂಗಡಿಸಿ. ಬೇರೆ ಬೇರೆ ತಾಯಂದಿರ ಮರಿಗಳು ಒಂದೇ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದರೆ ಕಾರಣ ಆ ಕೋಣೆಯಲ್ಲಿದೆ: ಇಕ್ಕಟ್ಟು, ಕುಂಟು, ಕತ್ತಲೆ, ಗಂಡಿನ ಸಂಪರ್ಕ. ಆಮೇಲೆ ತಾಯಿಯ ಪ್ರಕಾರ ವಿಂಗಡಿಸಿ. ಎರಡು ಮೂರು ತಾಯಂದಿರ ಹೆಣ್ಣುಮಕ್ಕಳೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ವಂಶದ್ದು, ಇಲ್ಲಾ ಆ ತಾಯಿಯ ಗರ್ಭಕೋಶದ್ದು. ಕೊನೆಗೆ ಹುಟ್ಟಿದ ತಿಂಗಳ ಪ್ರಕಾರ. ಬೇರೆ ಬೇರೆ ತಾಯಿ, ಬೇರೆ ಬೇರೆ ಕೋಣೆ, ಆದರೆ ಎಲ್ಲ ಒಂದೇ ತಿಂಗಳಲ್ಲಿ ಹುಟ್ಟಿದವು ಅಂದರೆ, ಅವು ಹೊಟ್ಟೆಯಲ್ಲಿದ್ದಾಗ ಫಾರ್ಮಿನಲ್ಲಿ ಏನೋ ಆಗಿದೆ.

ಈ ಮೂರನೆಯದನ್ನು ನಾವು ಯಾರೂ ನೋಡುವುದಿಲ್ಲ, ಅಲ್ವಾ? ನಮ್ಮ ಬಯಲುಸೀಮೆಯ ಲೆಕ್ಕ ಹಾಕಿ ನೋಡಿ. ಫೆಬ್ರವರಿ 15ಕ್ಕೆ ಗಬ್ಬ ಕಟ್ಟಿದ ಹಂದಿ ಜೂನ್ 9ರ ಹೊತ್ತಿಗೆ ಈಯುತ್ತದೆ. ಹೊಟ್ಟೆಯಲ್ಲಿನ ಹೆಣ್ಣುಮರಿಯ ಅಂಡಾಣುಗಳು ರೂಪುಗೊಳ್ಳುತ್ತಿರುವ 50ನೇ ದಿನ ಬೀಳುವುದು ಏಪ್ರಿಲ್ 6ಕ್ಕೆ, ಸುಡು ಬಿಸಿಲಲ್ಲಿ. ಆ ಹೆಣ್ಣುಮರಿ ಬೆದೆಗೆ ಬರಬೇಕಾದ್ದು ಡಿಸೆಂಬರ್ ಜನವರಿಯಲ್ಲಿ. ಹೊರಗೆ ಚಳಿ, ಮೇವು ಚೆನ್ನಾಗಿದೆ, ಗಂಡೂ ಚುರುಕಾಗಿದೆ, ಆದರೂ ಯಾಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತೇವೆ. ನೋಡಬೇಕಾದ್ದು ಡಿಸೆಂಬರ್ ಅಲ್ಲ, ಹಿಂದಿನ ಏಪ್ರಿಲ್. ಹಂದಿಗೆ ಬೆವರಿ ಮೈ ತಂಪು ಮಾಡಿಕೊಳ್ಳುವ ಶಕ್ತಿ ಇಲ್ಲ. ಸೆಕೆ ಏರಿದಾಗ ರಕ್ತ ಚರ್ಮದ ಕಡೆ ಹರಿದು ಗರ್ಭಕೋಶಕ್ಕೆ ಕಡಿಮೆಯಾಗುತ್ತದೆ, ತಿನ್ನುವುದೂ ಕಡಿಮೆಯಾಗುತ್ತದೆ. ಅಮೆರಿಕದ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸದಲ್ಲಿ, ಹೊಟ್ಟೆಯಲ್ಲಿದ್ದಾಗ ಸೆಕೆ ಉಂಡ ಮರಿಗಳ ಮೈ ಬಿಸಿ ದೊಡ್ಡವಾದ ಮೇಲೂ ಸ್ವಲ್ಪ ಜಾಸ್ತಿಯೇ ಇದ್ದದ್ದು ಕಂಡುಬಂದಿದೆ. ಹಾಗಂತ ಎಲ್ಲವನ್ನೂ ಸೆಕೆಯ ತಲೆಗೆ ಕಟ್ಟಬೇಡಿ. ಅದೇ ತಿಂಗಳು ಮೇವು ಬದಲಾಗಿತ್ತಾ, ಜ್ವರ ಬಂದಿತ್ತಾ, ಹಂದಿಗಳನ್ನು ಗುಂಪು ಬದಲಿಸಿದ್ದಿರಾ ಎಂದೂ ನೋಡಿ.

ಹೊಟ್ಟೆಯೊಳಗೆ ಯಾವಾಗ ಏನಾಗುತ್ತದೆ

ಯಾವ ದಿನ ಏನು ಕಟ್ಟುತ್ತದೆ ಎಂದು ಗೊತ್ತಿದ್ದರೆ ತಪ್ಪು ಹುಡುಕುವುದು ಸುಲಭ. ಗಬ್ಬದ ಮೊದಲ ಎರಡು ವಾರದಲ್ಲಿ ಭ್ರೂಣಗಳು ಗರ್ಭಕೋಶದ ಎರಡೂ ಕೊಂಬುಗಳಲ್ಲಿ ಹರಡಿ ಜಾಗ ಹಿಡಿಯುತ್ತವೆ. ಜಾಗ ಕಮ್ಮಿ ಸಿಕ್ಕಿದ್ದಕ್ಕೆ ಮಾಸು ಚಿಕ್ಕದು, ಮಾಸು ಚಿಕ್ಕದಾದರೆ ಕೊನೆಯವರೆಗೂ ಆಹಾರ ಕಮ್ಮಿ. ನಾಲ್ಕನೇ ವಾರದ ಹೊತ್ತಿಗೆ ಭ್ರೂಣದ ಲಿಂಗಗ್ರಂಥಿ ವೃಷಣವಾಗಬೇಕೋ ಅಂಡಾಶಯವಾಗಬೇಕೋ ಎಂಬುದು ತೀರ್ಮಾನವಾಗುತ್ತದೆ. ಗಂಡಿನಲ್ಲಿ ವೃಷಣ ಬಿಡುವ ಹಾರ್ಮೋನ್ ಒಂದು ನಾಳವನ್ನು ಅಳಿಸುತ್ತದೆ, ಹೆಣ್ಣಿನಲ್ಲಿ ಅದೇ ನಾಳ ಉಳಿದು ಗರ್ಭಕೋಶವಾಗುತ್ತದೆ. ಮೊಲೆತೊಟ್ಟುಗಳ ಸಂಖ್ಯೆ ನಿಗದಿಯಾಗುವುದೂ ಭ್ರೂಣದ ಹಂತದಲ್ಲೇ.

ಅಂಡಾಣುವಿನ ಲೆಕ್ಕ ನೋಡಿದರೆ ಆಶ್ಚರ್ಯವಾಗುತ್ತದೆ. ಗಬ್ಬದ 50ನೇ ದಿನದ ಹೊತ್ತಿಗೆ ಹೆಣ್ಣು ಭ್ರೂಣದಲ್ಲಿ ಸುಮಾರು 11 ಲಕ್ಷ ಅಂಡಾಣು ಬೀಜಕೋಶಗಳಿರುತ್ತವೆ. ಹುಟ್ಟುವ ಹೊತ್ತಿಗೆ ಉಳಿಯುವುದು ಸುಮಾರು 5 ಲಕ್ಷ. ಅರ್ಧಕ್ಕಿಂತ ಹೆಚ್ಚು ಹೊಟ್ಟೆಯೊಳಗೇ ಸಾಯುತ್ತವೆ, ಇದು ಸಹಜ. ಆದರೆ ತಾಯಿಗೆ ಹಸಿವು, ವಿಷ, ಸೆಕೆ ಏನೇ ತಾಗಿದರೂ ಪೆಟ್ಟು ಬೀಳುವುದು ಇದೇ ಗಂಟಿಗೆ. ಹುಟ್ಟಿದ ಕೆಲವು ವಾರಗಳ ಮೇಲೆ ಈ ಗಂಟಿಗೆ ಒಂದು ಕಾಸೂ ಸೇರುವುದಿಲ್ಲ, ಖರ್ಚು ಮಾತ್ರ.

ಹುಟ್ಟಿದಾಗಿನ ತೂಕ

ನಿಮ್ಮ ಹತ್ತಿರ ಒಂದೇ ಒಂದು ಅಂಕಿ ಇರಬಹುದು ಅಂದರೆ ಅದು ಹುಟ್ಟಿದ ದಿನದ ತೂಕವಾಗಿರಲಿ. ಒಂದು ಕಿಲೋಗಿಂತ ಕಡಿಮೆ ತೂಕದ ಹೆಣ್ಣುಮರಿಯನ್ನು ತಳಿಗೆ ಇಟ್ಟುಕೊಳ್ಳಬೇಡಿ. ಹೊಟ್ಟೆಯಲ್ಲಿ ಆಹಾರ ಸಾಲದಾದಾಗ ದೇಹ ಇದ್ದ ರಕ್ತವನ್ನು ಮೆದುಳಿಗೆ ಕೊಡುತ್ತದೆ, ಉಳಿದ ಅಂಗಗಳು ಹಿಂದೆ ಬೀಳುತ್ತವೆ. ಅಂಥ ಮರಿಯ ಹಣೆ ಮುಂದೆ ಉಬ್ಬಿ ತಲೆ ಮೈಗಿಂತ ದೊಡ್ಡದಾಗಿ ಕಾಣುತ್ತದೆ, ಕಣ್ಣು ಹೊರಗೆ ಬಂದ ಹಾಗಿರುತ್ತದೆ. ಅದರ ಅಂಡಾಶಯದಲ್ಲಿ ಅಂಡಾಣು ಇರುವ ಗುಳ್ಳೆಗಳು ಬೆಳೆಯುವುದೂ ತಡ, ಗರ್ಭಕೋಶವೂ ಸಣ್ಣದು.

ಇಲ್ಲಿ ಒಂದು ಮೋಸ ಇದೆ. ಇಂಥ ಮರಿ ಬದುಕಿ, ಒಳ್ಳೆ ಮೇವು ಸಿಕ್ಕಿ, ಐದು ತಿಂಗಳಿಗೆ ದಷ್ಟಪುಷ್ಟವಾಗಿ ನಿಂತಿರುತ್ತದೆ. ಗಿಲ್ಟ್ ಆರಿಸುವಾಗ ನಾವು ನೋಡುವುದೇ ಆ ಐದನೇ ತಿಂಗಳಲ್ಲಿ, ಹೊರಗಿನಿಂದ, ಕಾಲು ಬೆನ್ನು ಮೊಲೆ ನೋಡಿ. ಒಳಗಿನ ಕೊರತೆ ಕಾಣುವುದಿಲ್ಲ. ಆದ್ದರಿಂದ ಆಯ್ಕೆ ಹುಟ್ಟಿದ ದಿನವೇ ಶುರುವಾಗಬೇಕು, ಕಿವಿಯಲ್ಲಿ ಗುರುತು ಹಾಕಿ ಪುಸ್ತಕದಲ್ಲಿ ಬರೆದು.

ಒಂದು ಮರಿ ಮಾತ್ರ ಸಣ್ಣದಾಗಿದ್ದರೆ ಅದಕ್ಕೆ ಜಾಗ ಸಿಕ್ಕಿಲ್ಲ ಅಷ್ಟೇ. ಇಡೀ ಸೂಲೇ ಸಣ್ಣ ತೂಕದ್ದಾಗಿ, ಮುಂದಿನ ಸೂಲಿನಲ್ಲೂ ಹಾಗೇ ಆದರೆ ಆ ತಾಯಿಯ ಗರ್ಭಕೋಶವೇ ಹಾಗೆ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಕೆಲವು ಹಂದಿಗಳು ಸೂಲಿನಿಂದ ಸೂಲಿಗೆ ಕಡಿಮೆ ತೂಕದ ಮರಿಗಳನ್ನೇ ಹಾಕುತ್ತವೆ. ಅಂಥ ತಾಯಿಯ ಹೆಣ್ಣುಮರಿ ಎಷ್ಟೇ ಚೆನ್ನಾಗಿ ಕಂಡರೂ ಬಿಟ್ಟುಬಿಡಿ.

ಗಂಡೇ ಜಾಸ್ತಿ ಇರುವ ಸೂಲು

ದನ ಸಾಕಿದವರಿಗೆ ಗೊತ್ತು, ಅವಳಿಯಲ್ಲಿ ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ಹೆಚ್ಚಿನ ಸಲ ಗೊಡ್ಡಾಗುತ್ತದೆ. ಅದನ್ನೇ ಹಂದಿಗೂ ಹೇಳುವವರಿದ್ದಾರೆ. ಅದು ತಪ್ಪು. ದನದಲ್ಲಿ ಎರಡು ಮಾಸುಗಳ ರಕ್ತನಾಳ ಕೂಡಿಕೊಂಡು ಗಂಡಿನ ಹಾರ್ಮೋನ್ ಹೆಣ್ಣಿನ ರಕ್ತಕ್ಕೆ ಹೋಗುತ್ತದೆ. ಹಂದಿಯಲ್ಲಿ ಪ್ರತಿ ಮರಿಯ ಮಾಸೂ ಸಾಮಾನ್ಯವಾಗಿ ಬೇರೆ ಬೇರೆ, ಆದ್ದರಿಂದ ಅಂಥ ಗೊಡ್ಡುತನ ಅಪರೂಪ. ಹಾಗಿರದಿದ್ದರೆ ಹಂದಿ ಕುಲವೇ ಉಳಿಯುತ್ತಿರಲಿಲ್ಲ, ಪ್ರತಿ ಹೆಣ್ಣೂ ಗಂಡುಗಳ ಜೊತೆಗೇ ಹುಟ್ಟುವುದಲ್ವಾ.

ಆದರೆ ಸ್ವಲ್ಪ ಪರಿಣಾಮ ಇದೆ. ಗಂಡುಮರಿಗಳ ವೃಷಣ ಗಬ್ಬದ ಐದನೇ ವಾರದ ಹೊತ್ತಿಗೇ ಹಾರ್ಮೋನ್ ಬಿಡಲು ಶುರುಮಾಡುತ್ತದೆ, ಅದು ಸುತ್ತಲಿನ ನೀರಿನ ಮೂಲಕ ಪಕ್ಕದ ಹೆಣ್ಣಿಗೂ ಅಷ್ಟಿಷ್ಟು ತಲುಪುತ್ತದೆ ಎಂದು ಹೇಳುತ್ತಾರೆ. ಗಂಡು ತುಂಬಾ ಜಾಸ್ತಿ ಇದ್ದ ಸೂಲಿನ ಹೆಣ್ಣುಗಳಲ್ಲಿ ಮೊದಲ ಸಲಕ್ಕೆ ಗಬ್ಬ ನಿಲ್ಲುವುದು ಕಡಿಮೆ, ಮೊಲೆತೊಟ್ಟೂ ಕಡಿಮೆ ಎಂದು ಅಮೆರಿಕದ ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಎಲ್ಲ ಪ್ರಯೋಗಗಳಲ್ಲೂ ಇದು ಒಂದೇ ರೀತಿ ಕಂಡಿಲ್ಲ. ಹಾಗಾಗಿ ನಾನು ಇದನ್ನು ಹೀಗೆ ಬಳಸುತ್ತೇನೆ: ಒಂದೇ ಮಟ್ಟದ ಎರಡು ಗಿಲ್ಟ್ ಇದ್ದಾಗ, ಮೂರರಲ್ಲಿ ಎರಡು ಪಾಲು ಗಂಡಿದ್ದ ಸೂಲಿನದನ್ನು ಬಿಟ್ಟು ಇನ್ನೊಂದನ್ನು ಆರಿಸುತ್ತೇನೆ. ಇದೊಂದೇ ಕಾರಣಕ್ಕೆ ಒಳ್ಳೆ ಗಿಲ್ಟನ್ನು ಕಳಿಸುವುದಿಲ್ಲ.

ಇನ್ನೊಂದು ವಿಷಯ. ಗಂಡು ಜಾಸ್ತಿಯಾದ ಸೂಲು ಬರೀ ಅದೃಷ್ಟವೂ ಇರಬಹುದು, ತಾಯಿಯ ಹಸಿವಿನ ಗುರುತೂ ಇರಬಹುದು. ಮೊದಲ ಸೂಲಿನಲ್ಲಿ ಹಾಲೂಡಿಸುವಾಗ ಮೇವು ಕಡಿಮೆ ಮಾಡಿದ ಹಂದಿಗಳ ಮುಂದಿನ ಗಬ್ಬದಲ್ಲಿ, 30ನೇ ದಿನದ ಹೊತ್ತಿಗೆ ಹೆಣ್ಣು ಭ್ರೂಣಗಳೇ ಹೆಚ್ಚು ಸತ್ತಿದ್ದವು ಎಂದು ಅದೇ ಆಲ್ಬರ್ಟಾದಲ್ಲಿ ಕಂಡುಕೊಂಡರು. ಎರಡನೇ ಸೂಲಿನಲ್ಲಿ ಮರಿ ಕಡಿಮೆ, ಅದರಲ್ಲೂ ಹೆಣ್ಣು ಕಡಿಮೆ ಅಂದರೆ ಮೊದಲ ಸೂಲಿನ ಹಾಲಿನ ತಿಂಗಳಲ್ಲಿ ತಾಯಿ ಎಷ್ಟು ಸೊರಗಿತ್ತು ಎಂದು ನೆನಪಿಸಿಕೊಳ್ಳಿ.

ಬೂಷ್ಟು ಹಿಡಿದ ಜೋಳ

ನಮ್ಮಲ್ಲಿ ಇದನ್ನು ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕು. ದಾವಣಗೆರೆ, ಹಾವೇರಿ ಕಡೆ ಮುಂಗಾರಿನ ಮೆಕ್ಕೆಜೋಳ ಕೊಯ್ಲಿಗೆ ಬರುವಾಗ ಎಷ್ಟೋ ವರ್ಷ ಮಳೆ ಹಿಡಿದಿರುತ್ತದೆ. ಸರಿಯಾಗಿ ಒಣಗದ ಕಾಳು, ಕಡಿಮೆ ಬೆಲೆಗೆ ಸಿಗುವ ಕಾಳು, ಬರುವುದು ಪ್ರಾಣಿಗಳ ಮೇವಿಗೆ. ಅದರ ಮೇಲೆ ಬೆಳೆಯುವ ಫ್ಯುಸೇರಿಯಂ ಎಂಬ ಶಿಲೀಂಧ್ರ ಜೀರಲೆನೋನ್ ಎಂಬ ವಿಷ ಬಿಡುತ್ತದೆ. ಈ ವಿಷ ದೇಹದೊಳಗೆ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜೆನ್‌ನಂತೆ ವರ್ತಿಸುತ್ತದೆ. ಸಾಕುಪ್ರಾಣಿಗಳಲ್ಲಿ ಇದಕ್ಕೆ ಅತಿ ಬೇಗ ಬಗ್ಗುವುದು ಹಂದಿ, ಅದರಲ್ಲೂ ಎಳೆ ಹೆಣ್ಣು.

ಗುರುತು ಸ್ಪಷ್ಟ. ಎರಡು ಮೂರು ತಿಂಗಳ ಹೆಣ್ಣುಮರಿಗಳ ಯೋನಿ ಬೆದೆಗೆ ಬಂದ ಹಾಗೆ ಕೆಂಪಾಗಿ ಊದಿಕೊಂಡಿರುತ್ತದೆ. ದೊಡ್ಡ ಹಂದಿಗಳು ಗಬ್ಬವಿಲ್ಲದಿದ್ದರೂ ಗಬ್ಬವಿದ್ದಂತೆ ಬೆದೆ ನಿಲ್ಲಿಸುತ್ತವೆ. ಹೊಟ್ಟೆಯೊಳಗಿನ ಮರಿಗಳಿಗೆ ತಲುಪಿದೆಯೇ ಎಂದು ತಿಳಿಯಲು ಈಗಷ್ಟೇ ಹುಟ್ಟಿದ ಹೆಣ್ಣುಮರಿಗಳ ಹಿಂಭಾಗ ನೋಡಿ. ಹುಟ್ಟುವಾಗಲೇ ಊದಿದ್ದರೆ ವಿಷ ತಾಯಿಯಿಂದಲೇ ಬಂದದ್ದು. ಮೇವು ಬದಲಿಸಿದರೆ ಕೆಲವು ವಾರಗಳಲ್ಲಿ ಊತ ಇಳಿಯುತ್ತದೆ, ಆದರೆ ಊತ ಇಳಿಯಿತು ಎಂದು ನಿಶ್ಚಿಂತರಾಗಬೇಡಿ. ತಾಯಿಗೆ ಈ ವಿಷ ತಿನ್ನಿಸಿ ನೋಡಿದ ಪ್ರಯೋಗದಲ್ಲಿ ಮಗಳ ಅಂಡಾಶಯದ ಆರೋಗ್ಯವಂತ ಗುಳ್ಳೆಗಳು ಹೊತ್ತಿಗೆ ಮುಂಚೆಯೇ ಕಡಿಮೆಯಾದದ್ದು ಕಂಡಿದೆ. ಅಂಥ ಸೂಲಿನ ಮರಿಗಳನ್ನು ಮಾಂಸಕ್ಕೆ ಬೆಳೆಸಿ, ತಳಿಗೆ ಬೇಡ.

ಬೇಯಿಸಿದರೆ ಹೋಗುತ್ತದೆ ಎಂದು ನಂಬಬೇಡಿ, ಸಾಮಾನ್ಯ ಅಡುಗೆಯ ಬಿಸಿಗೆ ಇದು ಜಗ್ಗುವುದಿಲ್ಲ. ಅಂಗಡಿಯವರು ಕೊಡುವ ಮಣ್ಣಿನ ಪುಡಿಯ ಬೈಂಡರ್ ಅಫ್ಲಟಾಕ್ಸಿನ್ ಎಂಬ ಇನ್ನೊಂದು ಬೂಷ್ಟಿನ ವಿಷವನ್ನು ಚೆನ್ನಾಗಿ ಹಿಡಿಯುತ್ತದೆ, ಜೀರಲೆನೋನ್ ಅನ್ನು ಅಷ್ಟಾಗಿ ಹಿಡಿಯುವುದಿಲ್ಲ. ಅನುಮಾನವಿದ್ದರೆ ಜೋಳದ ಮಾದರಿಯನ್ನು ಲ್ಯಾಬಿಗೆ ಕಳಿಸಿ, ಅಲ್ಲಿಯವರೆಗೆ ಗಬ್ಬದ ಹಂದಿಗೆ ಮತ್ತು ಎಳೆ ಹೆಣ್ಣುಗಳಿಗೆ ಆ ಚೀಲ ಬಿಚ್ಚಬೇಡಿ.

ಯೋನಿಯ ಆಕಾರ

ಮೂರೂವರೆ ತಿಂಗಳಿಗೆ ಗಿಲ್ಟ್‌ಗಳನ್ನು ಸಾಲಾಗಿ ನಿಲ್ಲಿಸಿ ಹಿಂದಿನಿಂದ ನೋಡಿ. ಒಂದೇ ವಯಸ್ಸಿನವುಗಳಲ್ಲಿ ಯೋನಿ ತೀರಾ ಸಣ್ಣದಾಗಿದ್ದವು ಹೊತ್ತಿಗೆ ಸರಿಯಾಗಿ ಬೆದೆಗೆ ಬರುವ ಸಾಧ್ಯತೆ ಕಡಿಮೆ. ಅಂಡಾಶಯ ಕೆಲಸ ಶುರು ಮಾಡಿದ್ದರೆ ಅದರ ಹಾರ್ಮೋನ್‌ನಿಂದ ಯೋನಿ ಬೆಳೆಯಬೇಕಿತ್ತು, ಬೆಳೆದಿಲ್ಲ ಅಂದರೆ ಒಳಗೂ ಹಿಂದಿದೆ. ಕಾಸು ಖರ್ಚಿಲ್ಲದ ಪರೀಕ್ಷೆ ಇದು. ತುದಿ ಮೇಲಕ್ಕೆ ಸೊಟ್ಟಗೆ ತಿರುಗಿ, ಒಳಗಿನ ಚಂದ್ರನಾಡಿ ದಪ್ಪವಾಗಿ ಹೊರಗೆ ಚಾಚಿದ್ದರೆ ಅದು ಗಂಡು ಹೆಣ್ಣು ಎರಡೂ ಬೆರೆತ ಹಂದಿ. ಒಳಗೆ ಅಂಡಾಶಯದ ಜೊತೆ ವೃಷಣದ ಭಾಗವೂ ಇರಬಹುದು. ಇದಕ್ಕೆ ಸೆಕೆ, ಮೇವು, ಅಣ್ಣತಮ್ಮಂದಿರು ಯಾರೂ ಕಾರಣರಲ್ಲ, ಬಹುಪಾಲು ಇದು ವಂಶದಲ್ಲಿ ಬರುವುದು. ಅದೇ ತಾಯಿ, ಅದೇ ಗಂಡು ಮತ್ತೆ ಕೂಡಿಸಬೇಡಿ. ದೂರದ ಪೆಸಿಫಿಕ್ ಸಾಗರದ ವನುವಾಟು ದ್ವೀಪಗಳಲ್ಲಿ ಇಂಥ ಹಂದಿಗೇ ಜಾಸ್ತಿ ಬೆಲೆ, ಅಲ್ಲಿನ ಜನ ಅದನ್ನು ಮಾನದ ವಸ್ತುವಾಗಿ ಸಾಕುತ್ತಾರೆ. ನಮಗೆ ಮಾತ್ರ ಅದು ಮರಿ ಕೊಡದು.

ಹುಟ್ಟಿದ ಮೊದಲ ದಿನ

ಹೊಟ್ಟೆಯಿಂದ ಹೊರಬಿದ್ದ ಕೂಡಲೇ ತಾಯಿಯ ಕೆಲಸ ಮುಗಿಯುವುದಿಲ್ಲ. ಹುಟ್ಟಿದಾಗ ಹೆಣ್ಣುಮರಿಯ ಗರ್ಭಕೋಶದಲ್ಲಿ ಗ್ರಂಥಿಗಳೇ ಇರುವುದಿಲ್ಲ, ಅವು ಮೂಡುವುದು ಮೊದಲ ಎರಡು ವಾರಗಳಲ್ಲಿ. ಮುಂದೆ ಭ್ರೂಣ ಅಂಟಿಕೊಳ್ಳುವ ಮೊದಲು ಅದಕ್ಕೆ ಆಹಾರ ಕೊಡುವುದು ಇದೇ ಗ್ರಂಥಿಗಳು. ಅಮೆರಿಕದ ಆಬರ್ನ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳ ಕೆಲಸದಿಂದ ತಿಳಿದದ್ದೇನೆಂದರೆ, ಗಿಣ್ಣದ ಹಾಲಿನಲ್ಲಿರುವ ರಿಲ್ಯಾಕ್ಸಿನ್‌ನಂಥ ಹಾರ್ಮೋನ್‌ಗಳು ಈ ಬೆಳವಣಿಗೆಗೆ ಸೂಚನೆ ಕೊಡುತ್ತವೆ. ಮೊದಲ ಎರಡು ದಿನ ಗಿಣ್ಣದ ಬದಲು ಹಾಲಿನ ಪುಡಿ ಕುಡಿಸಿದ ಮರಿಗಳಲ್ಲಿ ಗರ್ಭಕೋಶದ ಬೆಳವಣಿಗೆ ದಾರಿ ತಪ್ಪಿತು. ನೆಬ್ರಾಸ್ಕದ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಮೊದಲ ದಿನದ ರಕ್ತ ನೋಡಿ ಯಾವ ಮರಿ ಎಷ್ಟು ಗಿಣ್ಣ ಕುಡಿದಿದೆ ಎಂದು ಅಳೆದರು. ಕಡಿಮೆ ಕುಡಿದವು ದೊಡ್ಡವಾಗಿ ತಡವಾಗಿ ಬೆದೆಗೆ ಬಂದವು, ಮರಿಯನ್ನೂ ಕಡಿಮೆ ಹಾಕಿದವು.

ಆದ್ದರಿಂದ ಪುಸ್ತಕದಲ್ಲಿ ತೂಕ ಸರಿ ಇದೆ, ತಾಯಿ ಸರಿ ಇದೆ, ತಿಂಗಳೂ ಸರಿ ಇದೆ, ಆದರೂ ಗಿಲ್ಟ್ ಸೋತಿದೆ ಎಂದಾದರೆ ಅದು ಹುಟ್ಟಿದ ರಾತ್ರಿಯನ್ನು ವಿಚಾರಿಸಿ. ಯಾರೂ ನೋಡದೆ ಈದಿತ್ತಾ? ಹದಿನೈದು ಮರಿಗೆ ಹನ್ನೆರಡು ಮೊಲೆಯಿತ್ತಾ? ಗಿಣ್ಣ ಕುಡಿಯುವ ಮೊದಲೇ ಬೇರೆ ತಾಯಿಗೆ ಹಾಕಿದ್ದಿರಾ? ಪ್ರತಿ ಮರಿಗೂ ಮೊದಲ 24 ಗಂಟೆಯಲ್ಲಿ 200ರಿಂದ 250 ಗ್ರಾಂ ಗಿಣ್ಣ ಬೇಕು. ಮರಿ ಬದಲಾಯಿಸಲೇಬೇಕಿದ್ದರೆ ಅಷ್ಟು ಕುಡಿದ ಮೇಲೆ ಬದಲಾಯಿಸಿ, ಸಾಧ್ಯವಾದರೆ ಗಂಡುಮರಿಗಳನ್ನು ಕಳಿಸಿ ತಳಿಗೆ ಗುರುತಿಸಿದ ಹೆಣ್ಣುಗಳನ್ನು ಸ್ವಂತ ತಾಯಿಯಲ್ಲೇ ಬಿಡಿ.

ಈಗ ಏನು ಮಾಡಬೇಕು

ಗಂಡಿನ ಸಂಪರ್ಕ ಸರಿಯಾಗಿ ಕೊಟ್ಟು, ಮೇವು ಬದಲಿಸಿ, ಎಂಟು ತಿಂಗಳು ದಾಟಿಯೂ ಬೆದೆ ಬಾರದ ಗಿಲ್ಟನ್ನು, ಅದರ ಹುಟ್ಟಿನ ದಾಖಲೆಯಲ್ಲೂ ತೊಂದರೆ ಕಂಡರೆ, ಇನ್ನು ಕಾಯದೆ ಮಾಂಸಕ್ಕೆ ಕಳಿಸಿ. ಹಾರ್ಮೋನ್ ಕೊಟ್ಟು ಹೇಗೋ ಗಬ್ಬ ನಿಲ್ಲಿಸಿದರೂ ಅಂಥದರ ಮಗಳನ್ನು ಉಳಿಸಿಕೊಳ್ಳಬೇಡಿ. ಅದರ ತಾಯಿಯನ್ನು ಕಳಿಸಬೇಕಾಗಿಲ್ಲ, ಚೆನ್ನಾಗಿ ಹಾಲೂಡಿಸುವ ಹಂದಿಯಾದರೆ ಮಾಂಸದ ಮರಿಗಳಿಗಾಗಿ ಇಟ್ಟುಕೊಳ್ಳಿ.

ಈಗ ಗಬ್ಬವಿರುವ ಹಂದಿಗಳಲ್ಲಿ ಯಾವುದರ ಮಗಳನ್ನು ತಳಿಗೆ ಬಯಸುತ್ತೀರೋ ಅದರ 30ರಿಂದ 70ನೇ ದಿನ, ಅಂದರೆ ಮಗಳ ಅಂಡಾಶಯ ರೂಪುಗೊಳ್ಳುವ ಹೊತ್ತು, ಯಾವ ತಾರೀಕುಗಳಿಗೆ ಬೀಳುತ್ತದೆ ಎಂದು ಕ್ಯಾಲೆಂಡರಿನಲ್ಲಿ ಗೆರೆ ಹಾಕಿ. ಆ ವಾರಗಳಲ್ಲಿ ಅದನ್ನು ಹೊಸ ಗುಂಪಿಗೆ ಬಿಡಬೇಡಿ, ಹೊಡೆದಾಟ ಬೇಡ. ಹೋಟೆಲ್ ಮುಸುರೆ ಒಂದು ದಿನ ತುಂಬಾ, ಒಂದು ದಿನ ಇಲ್ಲ ಅನ್ನುವ ಹಾಗಿದ್ದರೆ ಇದಕ್ಕೆ ಮಾತ್ರ ದಿನಕ್ಕೆ ಎರಡರಿಂದ ಎರಡೂವರೆ ಕಿಲೋ ಒಳ್ಳೆ ಫೀಡ್ ಬೇರೆಯಾಗಿ ಕೊಡಿ. ಬೇಸಿಗೆಯಾದರೆ ಹನ್ನೊಂದರಿಂದ ನಾಲ್ಕರವರೆಗೆ ಮೈಮೇಲೆ ಆಗಾಗ ನೀರು ಚಿಮುಕಿಸಿ, ಗಾಳಿ ಆಡುವಂತೆ ಬಿಡಿ, ಮೇವನ್ನು ಬೆಳಗಿನ ಜಾವ ಮತ್ತು ಹೊತ್ತು ಮುಳುಗಿದ ಮೇಲೆ ಹಾಕಿ.